ಆರಾಮ ಇದ್ದವರು ಬೇಕಾಗಿದ್ದಾರೆ

ನಗುವ ಪ್ರಸಂಗಗಳನ್ನು ನಾನು ಎಂದೂ ಹುಡುಕಿಕೊಂಡು ಹೋದವಳಲ್ಲ. ಅವೇ ಬಂದು ಬಾಗಿಲು ಬಡಿದು, ಬಾಡಿಗೆಗೆ ಕೋಣೆ ಇದೆಯೇ ಎಂದು ಕೇಳುತ್ತವೆ.

ನಾನು ಹುಟ್ಟಿದ್ದು ಕುಂದಾಪುರದ ಹತ್ತಿರ, ಸಮುದ್ರದ ಸದ್ದು ಕೇಳುವ ಊರಿನಲ್ಲಿ. ಕೊಪ್ಪಳ ಹೊಸದಾಗಿ ಜಿಲ್ಲೆಯಾದ ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಲು ಬಂದವಳು ಇಲ್ಲೇ ಉಳಿದೆ. ಮಗನಿಗೆ ಇಲ್ಲಿಯ ಹುಡುಗಿಯನ್ನೇ ತಂದುಕೊಂಡೆ. ನಿವೃತ್ತಿಯಾಗಿ ಸುಮ್ಮನೆ ಕೂತಿದ್ದಾಗ ಮೇಲಿನ ಕೋಣೆಗೆ ಮೈಸೂರಿನ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಪಿಎಚ್‌.ಡಿ. ಮುಗಿದ ಮೇಲೂ ಓದು ಮುಗಿಯದವರನ್ನು ಪೋಸ್ಟ್‌ಡಾಕ್ ಎನ್ನುತ್ತಾರಂತೆ, ಅವಳು ಅದು. ಕೀಲುವಾತ ಇರುವವರ ರಕ್ತ ಒಂದು ಕಡೆ, ಅದೇ ವಯಸ್ಸಿನ ಆರೋಗ್ಯವಂತರ ರಕ್ತ ಇನ್ನೊಂದು ಕಡೆ. ಇವೆರಡರ ವ್ಯತ್ಯಾಸವನ್ನು ಕಂಪ್ಯೂಟರಿನಲ್ಲಿ ಹುಡುಕುವುದು ಅವಳ ಕೆಲಸ. ಯುಗಾದಿಯೊಳಗೆ ಒಬ್ಬ ರೋಗಿಗೆ ಒಬ್ಬ ಆರೋಗ್ಯವಂತರಂತೆ ಜೋಡಿಗಳು ಪೂರ್ತಿಯಾಗದಿದ್ದರೆ ಫೆಲೋಶಿಪ್ ನಿಂತು, ಅವಳು ಗಂಟುಮೂಟೆ ಕಟ್ಟಬೇಕಾಗಿತ್ತು. ಜನರ ಪರಿಚಯವಿದೆ ಎಂದು ನನ್ನನ್ನೂ ಜೀಪು ಹತ್ತಿಸಿದಳು. ಅವಳು, ನಾನು, ರಕ್ತ ತೆಗೆಯುವ ನರ್ಸಮ್ಮ, ನಡುವೆ ಐಸಿನ ಪೆಟ್ಟಿಗೆ.

ಮನೆ ಕಾಯುವ ನಾಯಿ

ಕುಕನೂರಿನ ಒಂದು ಮನೆಯಲ್ಲಿ ಬೆರಳು ಬಾತುಕೊಂಡಿದ್ದ ಅಜ್ಜಿಗೆ ನಮ್ಮ ಹುಡುಗಿ ಕಾಯಿಲೆಯನ್ನು ವಿವರಿಸಿದಳು. ಮೈಯೊಳಗೆ ರೋಗವನ್ನು ಓಡಿಸುವ ಕಾವಲುಪಡೆ ಇರುತ್ತದೆ, ಈ ಕಾಯಿಲೆಯಲ್ಲಿ ಅದೇ ತಿರುಗಿಬಿದ್ದು ಕೀಲುಗಳನ್ನು ತಿನ್ನುತ್ತದೆ, ಮನೆ ಕಾಯಲು ಸಾಕಿದ ನಾಯಿ ಮನೆಯವರನ್ನೇ ಕಚ್ಚಿದ ಹಾಗೆ ಎಂದಳು.

ಅಜ್ಜಿ ಒಪ್ಪಲಿಲ್ಲ.

"ನಾಯಿ ಹಂಗ ಮಾಡಂಗಿಲ್ಲವ್ವ. ಅನ್ನಾ ಹಾಕಿದವರನ್ನ ಅದು ಮರಿಯಂಗಿಲ್ಲ. ಮನಿ ಅಳಿಯ ಅನ್ನು, ಎಲ್ಲಾರಿಗೂ ತಿಳಿತೈತಿ."

ಅದೇ ಹೊತ್ತಿಗೆ ಚಹಾದ ತಟ್ಟೆ ಹಿಡಿದು ಒಳಗಿನಿಂದ ಬಂದವನು ಆ ಮನೆಯ ಮನೆಅಳಿಯನೇ. ನಾವೆಲ್ಲ ನೆಲ ನೋಡಿದೆವು. ಅವನು ಎಲ್ಲರಿಗೂ ಚಹಾ ಕೊಟ್ಟು, ಕೊನೆಯ ಕಪ್ಪನ್ನು ಅತ್ತೆಯ ಮುಂದಿಟ್ಟು, ತಣ್ಣಗೆ ಹೇಳಿದ:

"ಲಗ್ನ ಆದಾಗಿಂದ ಕಚ್ಚಾಕತ್ತೀನ್ರಿ ಮೇಡಂ. ನನ್ನ ಹಲ್ಲ ಬಿದ್ದಾವ, ಇವರಿಗೇನೂ ಆಗಿಲ್ಲ."

ಶುಕ್ರವಾರದ ರಕ್ತ

ಯಲಬುರ್ಗಾ ಕಡೆ ಮಂಗಳೂರು ಎಂಬ ದೊಡ್ಡ ಹಳ್ಳಿಯಿದೆ. ನಾಳೆ ಮಂಗಳೂರಿಗೆ ಹೋಗುತ್ತೇನೆ ಎಂದು ತವರಿಗೆ ಫೋನಿನಲ್ಲಿ ಹೇಳಿದರೆ, ಮೀನು ತಾ ಎನ್ನುತ್ತಾರೆ. ಅಲ್ಲಿ ಸಿಗುವುದು ಬಿಸಿಲು.

ಆ ಬಿಸಿಲಿನಲ್ಲಿ ಹೋಗಿ ಸೂಜಿ ತೆಗೆದರೆ ಮನೆಯ ಯಜಮಾನಿ ಕೈ ಹಿಂದೆಗೆದುಕೊಂಡರು. ಅಂದು ಶುಕ್ರವಾರ. ಶುಕ್ರವಾರ ಮನೆಯಿಂದ ಏನನ್ನೇ ಹೊರಗೆ ಕೊಟ್ಟರೂ ಲಕ್ಷ್ಮಿ ಹೋಗುತ್ತಾಳೆ. ಎರಡೇ ಚಮಚ ಸಾಕು ಎಂದು ನಮ್ಮ ಹುಡುಗಿ ಬೇಡಿಕೊಂಡಳು. ಎರಡು ಚಮಚ ಮಜ್ಜಿಗೆಯನ್ನೂ ಇವತ್ತು ಕೊಡುವುದಿಲ್ಲ, ರಕ್ತ ಹೇಗೆ ಕೊಡಲಿ ಎಂದರು ಅವರು.

ದಾರಿ ತೋರಿಸಿದವರು ಪಕ್ಕದ ಮನೆಯ ಅಜ್ಜ. ಹೊಸ್ತಿಲು ದಾಟಿ ಬೇವಿನ ಕಟ್ಟೆಯ ಮೇಲೆ ಕೂತರೆ ರಕ್ತ ಹೋಗುವುದು ಕಟ್ಟೆಯಿಂದ, ಮನೆಯಿಂದಲ್ಲ. ಯಜಮಾನಿಗೆ ಇದು ಒಪ್ಪಿಗೆಯಾಯಿತು. ಅವರ ಹಿಂದೆ ಓಣಿಯ ಹೆಂಗಸರೆಲ್ಲ ಕಟ್ಟೆಯಲ್ಲಿ ಸಾಲಾಗಿ ಕೂತರು. ನರ್ಸಮ್ಮ ಎಲ್ಲರ ರಕ್ತ ತೆಗೆದು, ಕೊನೆಗೆ ಯಜಮಾನಿಯದನ್ನೂ ತೆಗೆದ ಮೇಲೆ ನೋಡಿದರೆ, ಒತ್ತಿ ಹಿಡಿಯುವ ಹತ್ತಿ ಮುಗಿದಿತ್ತು. ಯಜಮಾನಿಯ ಪಡಸಾಲೆಯಲ್ಲಿ ಹೊಲದಿಂದ ತಂದ ಹತ್ತಿ ತೊಲೆ ಮುಟ್ಟುವಷ್ಟು ಬಿದ್ದಿತ್ತು. ಒಂದು ಚಿಟಿಕೆ ಕೊಡಿ ಎಂದೆ.

"ಹತ್ತಿ ಅಂದ್ರ ಲಕ್ಷ್ಮಿರಿ," ಎಂದರು, ರಕ್ತ ಸೋರುವ ತೋಳನ್ನು ಸೆರಗಿನಲ್ಲಿ ಒತ್ತಿಕೊಂಡು. "ಇವತ್ತ ಕೊಡಂಗಿಲ್ಲ."

ಅರ್ಧ ಕೌದಿ

ಕುಷ್ಟಗಿಯಲ್ಲಿ ಹೆಂಗಸರು ಗುಂಪಾಗಿ ಕೂತು, ಹಳೆಯ ಸೀರೆಯ ತುಂಡುಗಳಿಂದ ಕೌದಿ ಹೊಲಿಯುತ್ತಿದ್ದರು. ಹೋದ ಸಲ ತಮ್ಮೂರಿನಿಂದ ಒಯ್ದ ರಕ್ತ ಏನಾಯಿತು ಎಂದು ಕೇಳಿದರು. ನಮ್ಮ ಹುಡುಗಿ ಉತ್ಸಾಹದಿಂದ ಲ್ಯಾಪ್‌ಟಾಪ್ ತೆರೆದು ತೋರಿಸಿದಳು. ಪರದೆಯ ತುಂಬ ಕೆಂಪು, ನೀಲಿ ಚೌಕಗಳು. ಹೆಚ್ಚು ಕೆಲಸ ಮಾಡುವ ಜೀನಿಗೆ ಕೆಂಪು, ಕಡಿಮೆ ಮಾಡುವುದಕ್ಕೆ ನೀಲಿ. ಆರೋಗ್ಯವಂತರು ಸಿಗದೆ ಬಲಗಡೆಯ ಅರ್ಧ ಖಾಲಿ.

ಹಿರಿಯ ಹೆಂಗಸೊಬ್ಬರು ಪರದೆಯನ್ನು ಬೆರಳಿನಿಂದ ಸವರಿ ನೋಡಿದರು. ತುಂಡು ಛಲೋ ಕೂಡಿಸಿದ್ದೀ, ಅಂಚು ಯಾವಾಗ ಹಾಕುತ್ತೀ ಎಂದು ಕೇಳಿ, ಇಷ್ಟಕ್ಕೆ ಎಷ್ಟು ದಿನ ಹಿಡಿಯಿತು ಎಂದರು.

ಎರಡು ವರ್ಷ ಎಂದಳು ನಮ್ಮ ಹುಡುಗಿ.

"ಎರಡ ವರ್ಷಕ್ಕ ಅರ್ಧ ಕೌದಿ. ಲಗ್ನ ಆಗೇತೇನವ್ವ?"

"ಇಲ್ಲ."

"ಹೆಂಗ ಆದೀತು ಬಿಡು," ಎಂದು ಅವರು ತಮ್ಮ ಸೂಜಿಗೆ ದಾರ ಪೋಣಿಸಿಕೊಂಡರು.

ಎಲ್ಲರಿಗೂ ಬೇನೆ

ಅರ್ಧ ಕೌದಿ ಖಾಲಿ ಉಳಿದದ್ದಕ್ಕೆ ಕಾರಣವಿತ್ತು. ರಕ್ತ ಕೊಡಲು ಯಾರೂ ಹಿಂಜರಿಯುತ್ತಿರಲಿಲ್ಲ. ಆದರೆ "ನಾನು ಆರಾಮ ಇದ್ದೇನೆ" ಎಂದು ಬಾಯಿ ಬಿಟ್ಟು ಹೇಳುವವರು ಇಡೀ ಜಿಲ್ಲೆಯಲ್ಲಿ ಸಿಗಲಿಲ್ಲ. ಹಾಗೆ ಹೇಳಿದರೆ ನೆದರು, ಅಂದರೆ ಕೆಟ್ಟ ಕಣ್ಣು, ತಾಗುತ್ತದೆ, ಮರುದಿನವೇ ಮಲಗಬೇಕಾಗುತ್ತದೆ ಎಂಬ ಭಯ. ಗಂಗಾವತಿಯಲ್ಲಿ ಒಬ್ಬಾಕೆ ಭತ್ತದ ಚೀಲವನ್ನು ಬೆನ್ನಿನ ಮೇಲೆ ಎಳೆದುಕೊಳ್ಳುತ್ತಲೇ, "ಏನ್ ಆರಾಮ್ರಿ, ಸೊಂಟಾ ಹಿಡದೈತಿ, ಒಂದ ಕಡ್ಡಿ ಎತ್ತಾಕ ಆಗಂಗಿಲ್ಲ" ಎಂದು ಹೇಳಿ ನಡೆದೇ ಹೋದಳು. ನೋವಿದೆ ಎಂದವರನ್ನು ಆರೋಗ್ಯವಂತರ ಸಾಲಿಗೆ ಸೇರಿಸುವಂತಿಲ್ಲ. ಯುಗಾದಿ ಹತ್ತಿರ ಬಂತು. ನಮ್ಮ ಹುಡುಗಿ ಊಟ ಬಿಟ್ಟಳು.

ಕೊನೆಗೆ ಬೆಂಗಳೂರಿನ ಅವಳ ಹಿರಿಯ ವಿಜ್ಞಾನಿ ಒಂದು ರಿಯಾಯಿತಿ ಕೊಟ್ಟರು. ವೈದ್ಯರು ಕೀಲು ಪರೀಕ್ಷಿಸಿ ಸರಿ ಎಂದರೆ, ಜೊತೆಗೆ ಮನೆಯವರೊಬ್ಬರ ಮಾತಿದ್ದರೆ ಸಾಕು. ನಾವು ಸೊಸೆಯ ಆರೋಗ್ಯದ ಬಗ್ಗೆ ಅತ್ತೆಯನ್ನು ಕೇಳತೊಡಗಿದೆವು.

"ಆಕಿಗೇನಾಗೇತ್ರಿ? ಕಲ್ಲಿದ್ದಂಗ ಅದಾಳ."

ಆರೋಗ್ಯವಂತರು ಹೊಳೆಯಂತೆ ಹರಿದು ಬಂದರು. ಖುಷಿಯ ಭರದಲ್ಲಿ ನಮ್ಮ ಹುಡುಗಿ ಅತ್ತೆಯರ ಬಗ್ಗೆ ಸೊಸೆಯಂದಿರನ್ನೂ ಕೇಳಿಬಿಟ್ಟಳು. ಎಲ್ಲ ನಾಟಕ, ಅತ್ತೆಗೆ ಏನೂ ಇಲ್ಲ ಎಂದವು ಎಲ್ಲ ಅಡುಗೆಮನೆಗಳೂ. ಅಂದು ಸಂಜೆಯ ಹೊತ್ತಿಗೆ ಆ ಊರಿನಲ್ಲಿ ರೋಗಿಗಳೇ ಇರಲಿಲ್ಲ.

ಕೊನೆಯ ಜೋಡಿ

ಇನ್ನು ಉಳಿದದ್ದು ಒಂದೇ ಜೋಡಿ. ಹಿಟ್ನಾಳದ ರೋಗಿಯೊಬ್ಬರಿಗೆ ಅವರದೇ ವಯಸ್ಸಿನ ಆರೋಗ್ಯವಂತ ಮುದುಕಿ ಬೇಕಾಗಿತ್ತು. ಸಮಯ ಮುಗಿಯುತ್ತ ಬಂದಿತ್ತು. ನಮ್ಮ ಪಡಸಾಲೆಯಲ್ಲಿ ಕೂತು ಹುಡುಗಿ ನನ್ನ ಮುಖ ನೋಡಿದಳು.

"ಮೇಡಂ, ನೀವೇ ಇದ್ದೀರಲ್ಲ. ನಿಮಗೇನೂ ನೋವಿಲ್ಲ ತಾನೇ?"

ನಿಜಕ್ಕೂ ನನಗೇನೂ ಇರಲಿಲ್ಲ. ಇಷ್ಟು ದಿನ ಜೀಪಿನಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕವಳೂ ನಾನೇ. ಹೇಳಲು ಬಾಯಿ ತೆರೆದೆ.

"ಎಲ್ಲಿ ಆರಾಮವ್ವ," ಎಂದೆ, ಕುಂದಾಪುರದಲ್ಲಿ ಹುಟ್ಟಿದವಳು. "ಮಣಕಾಲ ಹಿಡದಾವ, ಕೈ ಅಂತೂ ಕೇಳಬ್ಯಾಡ."

ಹುಡುಗಿ ಅಡುಗೆಮನೆಯ ಕಡೆ ತಿರುಗಿ ನನ್ನ ಸೊಸೆಯನ್ನು ಕರೆದಳು.

ಸೊಸೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದಳು. ಅವಳು ಬಹಳ ದಿನಗಳಿಂದ ಈ ಪ್ರಶ್ನೆಗೆ ಕಾಯುತ್ತಿದ್ದ ಹಾಗಿತ್ತು.

"ನಮ್ಮತ್ತಿಗೇನಾಗೇತ್ರಿ? ನಿಮ್ಮ ಜೀಪಿನ್ಯಾಗ ಇಡೀ ಜಿಲ್ಲಾ ತಿರಗತಾರ. ರೊಟ್ಟಿ ಬಡಿಯೋ ಹೊತ್ತಿಗಷ್ಟ ಕೈ ಬ್ಯಾನಿ. ಬರಕೋರಿ, ಆರಾಮ ಅದಾರ."

ವೈದ್ಯರು ನನ್ನ ಒಂದೊಂದು ಗೆಣ್ಣನ್ನೂ ಒತ್ತಿ ನೋಡಿ, ಸರಿ ಎಂದರು. ಜೋಡಿ ಪೂರ್ತಿಯಾಯಿತು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ನಮ್ಮ ಹುಡುಗಿ ಪೇಢೆಯ ಡಬ್ಬಿ ಹಿಡಿದು ಮೆಟ್ಟಿಲಿಳಿದು ಓಡಿ ಬಂದಳು. ಫೆಲೋಶಿಪ್ ಮುಂದುವರಿದಿತ್ತು. ಸಂತೋಷದಲ್ಲಿ ಅವಳಿಗೆ ನಾಲಿಗೆಯ ಮೇಲೆ ಹಿಡಿತವಿರಲಿಲ್ಲ.

"ಮೇಡಂ, ಆರೋಗ್ಯವಂತರ ಸಾಲಿನಲ್ಲಿ ಎಲ್ಲರಿಗಿಂತ ಚೆಂದದ ರಕ್ತ ನಿಮ್ಮದೇ. ಕೀಲುವಾತದ ಸುಳಿವೇ ಇಲ್ಲ."

ಸೊಸೆ ಪೇಢೆ ಬಾಯಿಗೆ ಹಾಕಿಕೊಂಡು ಎಲ್ಲವನ್ನೂ ಸಮಾಧಾನದಿಂದ ಕೇಳಿದಳು. ಭಾಳ ಛಲೋ ಆತ್ರಿ ಅತ್ತಿ ಎಂದಳು. ಒಳಗೆ ಹೋಗಿ ಜೋಳದ ಹಿಟ್ಟು ನಾದುವ ಪರಾತ ತಂದು ನನ್ನ ಮುಂದಿಟ್ಟಳು.

ಆರಾಮ ಇದ್ದೇನೆ ಎಂದರೆ ನೆದರು ತಾಗುತ್ತದೆ ಎಂದು ಊರೂರಿನ ಹೆಂಗಸರು ಹೇಳಿದ್ದರು. ಎಂಥ ನೆದರು, ಯಾರ ನೆದರು ಎಂಬುದು ಮೊದಲನೆಯ ರೊಟ್ಟಿ ಬಡಿಯುವಾಗ ನನಗೆ ತಿಳಿಯಿತು.