ಅಣ್ಣನ ಪಾಲು

ನನ್ನ ದೌರ್ಬಲ್ಯವೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾವ ಹಬ್ಬ ಯಾಕೆ ಬಂತು, ಹೇಗೆ ಬಂತು ಎಂದು ಯಾರಾದರೂ ಕೇಳಿದರೆ ಸಾಕು, ಊಟ ಬಿಟ್ಟಾದರೂ ಹೇಳಲು ಕೂಡುತ್ತೇನೆ. ಆದರೆ ಅದೇ ಹಬ್ಬಕ್ಕೆ ಬಾಗಿಲಿಗೊಂದು ತೋರಣ ಕಟ್ಟಿ ಎಂದರೆ, ಮಾವಿನೆಲೆ ಕೈಯಲ್ಲಿ ಹಿಡಿದು ಆಕಾಶ ನೋಡುತ್ತ ನಿಂತುಬಿಡುತ್ತೇನೆ. ಮೂಡಲಗಿಯ ಹೈಸ್ಕೂಲಿನಲ್ಲಿ ಮಾಸ್ತರಿಕೆ, ಘಟಪ್ರಭಾದಲ್ಲಿ ಮನೆ, ನಡುವಿನ ಬಸ್ಸಿನಲ್ಲಿ ದಿನಕ್ಕೆರಡು ಸಲ ಕನಸು ಕಾಣುವ ಸೌಲಭ್ಯ. "ಮಾಸ್ತರ, ಇಳೀರಿ, ನಿಮ್ಮೂರು ಹೊಂಟ್ಹೋತು" ಎಂದು ಕಂಡಕ್ಟರು ಕೂಗಿದ ದಿನಗಳು ಲೆಕ್ಕವಿಲ್ಲದಷ್ಟು. ನಾನು ನಿದ್ದೆ ಮಾಡಿರುವುದಿಲ್ಲ. ಕಣ್ಣು ತೆರೆದೇ ಇರುತ್ತದೆ. ಊರು ಮಾತ್ರ ಕಾಣುವುದಿಲ್ಲ.

ಈ ಶ್ರಾವಣದಲ್ಲಿ ಗೋಕಾಕದ ಮಹಿಳಾ ಸಂಘವೊಂದರವರು ನಾಗರಪಂಚಮಿಯ ಹುಟ್ಟಿನ ಬಗ್ಗೆ ಮಾತಾಡಲು ಕರೆದರು. ವಾರವಿಡೀ ನೆಲದ ಮೇಲೆ ಕಾಲೂರಲಿಲ್ಲ. ಮಳೆಗಾಲದಲ್ಲಿ ಬಿಲಕ್ಕೆ ನೀರು ನುಗ್ಗಿ ಹಾವುಗಳು ಹೊರಬರುವುದು, ಆ ದಿನ ರೈತರು ನೆಲ ಅಗೆಯದಿರುವುದು, ಹೆಂಗಸರು ಒಲೆಯ ಮೇಲೆ ರೊಟ್ಟಿಯ ಹಂಚು ಇಡದಿರುವುದು, ಎಲ್ಲವನ್ನೂ ಹೇಳಿದೆ. ಕೊನೆಗೆ ಅವ್ವ ಹೇಳುತ್ತಿದ್ದ ಕತೆಗೆ ಬಂದೆ. ಹಾವು ಕಚ್ಚಿ ಸತ್ತ ಅಣ್ಣನನ್ನು ಬಿಟ್ಟು ಕದಲದ ಒಬ್ಬ ತಂಗಿ, ಹುತ್ತಿಗೆ ಹಾಲೆರೆದು, "ನನ್ನ ಅಣ್ಣನ ಪಾಲನ್ನು ನನಗೆ ಕೊಡು" ಎಂದು ನಾಗಪ್ಪನನ್ನು ಬೇಡುತ್ತಾಳೆ. ಅಣ್ಣ ಕಣ್ಣುಜ್ಜಿಕೊಂಡು ಎದ್ದು ಕೂಡುತ್ತಾನೆ. ಅಂದಿನಿಂದ ಈ ಹಬ್ಬಕ್ಕೆ ತಂಗಿ ತವರಿಗೆ ಬರಬೇಕು, ಅಣ್ಣನೇ ಹೋಗಿ ಕರೆದು ತರಬೇಕು. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನಗೊಂದು ಶಾಲು ಹೊದಿಸಿದರು.

ಶಾಲು ಹೊದ್ದೇ ಮನೆಗೆ ಬಂದೆ. ಹೆಂಡತಿ ಸುವರ್ಣಾ ಶೇಂಗಾ ಉಂಡಿ ಕಟ್ಟುತ್ತಿದ್ದಳು. "ಗಂಗೂನ್ನ ಕರಿಯಾಕ ಯಾವಾಗ ಹೋಗ್ತೀರಿ?" ಎಂದಳು. ಗಂಗೂ ನನ್ನ ಒಬ್ಬಳೇ ತಂಗಿ, ಹತ್ತರಗಿಗೆ ಕೊಟ್ಟಿದ್ದೇವೆ. ಘಟಪ್ರಭಾದಿಂದ ಹುಕ್ಕೇರಿಗೆ ಒಂದು ಬಸ್ಸು, ಅಲ್ಲಿಂದ ಹತ್ತರಗಿಗೆ ಇನ್ನೊಂದು.

"ನಾಳೆ ಬಾ ಅಂತ ಫೋನ್ ಮಾಡೇನಿ" ಎಂದೆ. "ಈಗ ಹೆಣ್ಣಮಕ್ಕಳಿಗೆ ಬಸ್ಸು ಫ್ರೀ ಐತಿ. ತಾನ ಬರ್ತಾಳ. ನಾ ಹೋಗಿ ಏನ್ ಆಕಿನ್ನ ಹೊತ್ಕೊಂಡ ಬರೂದೈತೇನು?"

ಸುವರ್ಣಾ ಕೈಯಲ್ಲಿದ್ದ ಉಂಡಿಯನ್ನು ಬೇಕಾದ್ದಕ್ಕಿಂತ ಗಟ್ಟಿಯಾಗಿ ಒತ್ತಿದಳು. "ಫೋನಿನ್ಯಾಗ ಹೇಳಿದ್ರ ಸುದ್ದಿ ಮುಟ್ಟಿಸಿದಂಗ ಆತರೀ, ಕರದಂಗ ಆಗಂಗಿಲ್ಲ. ಆಕಿ ಏನಂದ್ಲು?"

"ಹೂಂ ಅಂದ್ಲು."

"ಬರೇ ಹೂಂ?"

ಬರೇ ಹೂಂ. ಆ ಹೂಂ ಬಗ್ಗೆ ಯೋಚಿಸಬೇಕಾಗಿತ್ತು. ನಾನು ಶಾಲಿನ ಅಂಚು ಮುಟ್ಟಿ ನೋಡುತ್ತಿದ್ದೆ.

ಮರುದಿನ ಗಂಗೂ ಮುಂಜಾನೆಯೇ ಒಬ್ಬಳೇ ಚೀಲ ಹಿಡಿದು ಬಂದಿಳಿದಳು. ನಕ್ಕಳು, ವೈನಿ ಸುವರ್ಣಾಳ ಜೊತೆ ಜೋಳದ ಅಳ್ಳು ಹುರಿದಳು, ನನಗೂ ಚಹಾ ತಂದುಕೊಟ್ಟಳು. ನೋಡಿದೆಯಾ, ಏನೂ ಆಗಿಲ್ಲ ಎಂದು ಹೆಂಡತಿಗೆ ಕಣ್ಣಲ್ಲೇ ಹೇಳಿದೆ. ನಮ್ಮ ಮನೆಯಲ್ಲಿ ಎರಡು ದಿನ ಹಾಲೆರೆಯುವ ಪದ್ಧತಿ, ಮೊದಲ ದಿನ ಚೌತಿಗೆ ಬೆಲ್ಲದ ಹಾಲು, ಮರುದಿನ ಪಂಚಮಿಗೆ ಬರಿ ಹಾಲು. ಮಣ್ಣಿನ ನಾಗಪ್ಪನ ಮುಂದೆ ಕೂತು, ಕೊಬ್ಬರಿ ಬಟ್ಟಲಿನಿಂದ ಸ್ವಲ್ಪಸ್ವಲ್ಪವೇ ಎರೆಯುತ್ತ, ಮನೆಯವರ ಒಬ್ಬೊಬ್ಬರ ಹೆಸರಿನಲ್ಲೂ ಪಾಲು ಹೇಳಬೇಕು. ನನಗೆ ಈ ಹಬ್ಬದಲ್ಲಿ ಇದಕ್ಕಿಂತ ಚೆಂದದ್ದು ಇನ್ನೊಂದಿಲ್ಲ. ಗಂಗೂ ಶುರು ಮಾಡಿದಳು. "ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು..." ಈಗಿಲ್ಲದ ಅಪ್ಪ ಅವ್ವ ಬಾಗಿಲಲ್ಲಿ ನಿಂತಂತಾಗಿ ನಾನು ಕಣ್ಣು ಮುಚ್ಚಿದೆ. ಅವ್ವನ ನಂತರ ನನ್ನ ಸರದಿ.

"ವೈನಿ ಪಾಲು" ಎಂದಳು ಗಂಗೂ. "ಆಕಳ ಪಾಲು, ಬಾಜೂ ಮನಿ ಕಾಕೂನ ಪಾಲು, ಬೆಕ್ಕಿನ ಪಾಲು." ಬಟ್ಟಲು ಕೆಳಗಿಟ್ಟು ಕೈ ಮುಗಿದಳು.

ಕಣ್ಣು ತೆರೆದೆ. ಬೆಕ್ಕು ನನ್ನನ್ನೇ ನೋಡುತ್ತಿತ್ತು. "ಗಂಗೂ, ನನ್ನ ಪಾಲು?" ಎಂದೆ.

"ನಿನ್ನ ಪಾಲು ಫೋನಿನ್ಯಾಗ ಹೇಳ್ತೀನಿ ತಗೋ" ಎಂದು ಅವಳು ಎದ್ದುಹೋದಳು.

ಅಂದು ಉಂಡಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. ಐವತ್ತು ದಾಟಿದ ಮಾಸ್ತರ, ಹನಿ ಹಾಲಿಗಾಗಿ ಅಳುವ ಸ್ಥಿತಿಗೆ ಬಂದಿದ್ದೆ ಎಂದರೆ ನೀವು ನಗಬಹುದು, ನಗಿರಿ. ಹಿತ್ತಲ ಬೇವಿನ ಗಿಡಕ್ಕೆ ಜೋಕಾಲಿ ಕಟ್ಟಿತ್ತು. ಸಣ್ಣ ತುಂತುರು. ಗಂಗೂ ಜೋಕಾಲಿಯಲ್ಲಿ ಕೂತು ನೆಲವನ್ನು ಕಾಲಿನಿಂದ ಮೆಲ್ಲಗೆ ಒತ್ತುತ್ತಿದ್ದಳು. ಹಿಂದೆ ಹೋಗಿ ನಿಂತು ತೂಗತೊಡಗಿದೆ. ಅವಳ ಜಡೆಯಲ್ಲಿ ಬಿಳಿ ಕೂದಲು ಯಾವಾಗ ಬಂತೋ ಗೊತ್ತಿರಲಿಲ್ಲ. ಜೋಕಾಲಿ ಮುಂದೆ ಹೋದಾಗ ಅವಳು ಎಂಟು ವರ್ಷದವಳು, ಧುಪದಾಳದ ಒಡ್ಡಿನ ಮೇಲಿಂದ ಬೀಳುವ ನೀರು ನೋಡಿ ನನ್ನ ಅಂಗಿ ಹಿಡಿದುಕೊಳ್ಳುತ್ತಿದ್ದವಳು. ಹಿಂದೆ ಬಂದಾಗ ಹತ್ತರಗಿಯ ಗಂಗವ್ವ.

"ಅಣ್ಣಾ, ನನಗ ಬಸ್ ಹತ್ತಾಕ ಬರಂಗಿಲ್ಲಂತ ಇಷ್ಟ ವರ್ಷ ಬರ್ತಿದ್ದೇನ ನೀ?" ಎಂದಳು, ತಿರುಗಿ ನೋಡದೆ. "ಪಂಚಮಿಗೆ ಮುಂಜಾನಿಂದ ಚೀಲಾ ತುಂಬ್ಕೊಂಡು ಬಾಗಲದಾಗ ಕೂಡ್ತೀನಿ. ಓಣ್ಯಾಗ ಹೋಗಾವ್ರು ಬರಾವ್ರು 'ಅಣ್ಣ ಬಂದ್ನೇನವಾ' ಅಂತ ಕೇಳ್ತಾರ. 'ಬಂದಾನ್ರಿ' ಅಂತ ಹೇಳೂದ ನನ್ನ ಹಬ್ಬ. ಈ ವರ್ಷ ಯಾರೂ ಕೇಳಬಾರದಂತ ಹಿತ್ತಲ ಬಾಗಲದಿಂದ ಎದ್ದ ಬಂದೀನಿ."

ಜೋಕಾಲಿಯ ಹಗ್ಗ ಹಿಡಿದು ನಿಲ್ಲಿಸಿದೆ. ಗೋಕಾಕದಲ್ಲಿ ಅಷ್ಟು ಮಂದಿಯನ್ನು ಅಳಿಸಿ ಬಂದವನಿಗೆ ಹೇಳಲು ಸಿಕ್ಕಿದ್ದು ಇಷ್ಟೇ: "ನಡಿ, ಹತ್ತರಗಿಗೆ ಹೋಗೂಣು."

"ಯಾಕ?"

"ನಿನ್ನ ಕರಕೊಂಡ ಬರಾಕ."

ಸುವರ್ಣಾ ಒಳಗಿನಿಂದ, "ಇವರಿಗೆ ಖರೇನ ತಲಿ ಕೆಟ್ಟೈತಿ" ಎಂದಳು. ಹಾಗೆನ್ನುತ್ತಲೇ ಬೀಗರ ಮನೆಗೆಂದು ಉಂಡಿ ಕಟ್ಟಿಕೊಟ್ಟಳು.

ಹತ್ತರಗಿಯಲ್ಲಿ ಗಂಗೂ ಬಂದ ದಾರಿಯಿಂದಲೇ ಹಿತ್ತಲ ಬಾಗಿಲು ಹೊಕ್ಕಳು. ನಾನು ಶಾಲು ಸರಿಪಡಿಸಿಕೊಂಡು ಓಣಿಯ ನಟ್ಟನಡುವೆ ನಡೆದೆ. ಕಟ್ಟೆಯ ಮೇಲಿದ್ದ ಅಜ್ಜಿಯೊಬ್ಬಳು, "ಯಾಕೋ ತಮ್ಮಾ, ಈ ವರ್ಷ ತಡಾ ಮಾಡಿದೆಲ್ಲ? ಗಂಗವ್ವ ಸಿಟ್ಟಾಗಿ ಒಳಗ ಕುಂತಾಳ ಕಾಣಸ್ತೈತಿ, ಮುಂಜಾನಿಂದ ಹೊರಗ ಬಂದಿಲ್ಲ" ಎಂದಳು. ಮುಂಜಾನೆಯೇ ಹೆಂಡತಿಯನ್ನು ಕಳಿಸಿದ್ದ ಗಂಗೂನ ಗಂಡ ಪಡಸಾಲೆಯಲ್ಲಿ ಬಾಯಿ ತೆರೆದು ಕೂತಿದ್ದರು. ಅಷ್ಟರಲ್ಲಿ ಗಂಗೂ ಅದೇ ಚೀಲ ಹಿಡಿದು ಮುಂದಿನ ಬಾಗಿಲಿಗೆ ಬಂದಳು. ಯಾರೂ ಕೇಳುವ ಮೊದಲೇ, ಓಣಿಯ ತುದಿಯವರೆಗೆ ಕೇಳುವಂತೆ ಹೇಳಿದಳು: "ನಮ್ಮ ಅಣ್ಣ ಬಂದಾನ್ರಿ, ಕರಿಯಾಕ!"

ತಿರುಗಿ ಬರುವಾಗ ಹುಕ್ಕೇರಿ ದಾಟಿದ ಮೇಲೆ ಕಿಟಕಿಯಾಚೆ ಹಸಿರು ಕಬ್ಬು, ಮೋಡ, ಸಂಜೆಯ ಮಂಕು ಬೆಳಕು. ಕತೆಯ ಆ ಅಣ್ಣ ಎದ್ದು ಕೂತಾಗ ಮೊದಲು ಏನು ನೋಡಿರಬಹುದು ಎಂದು ಯೋಚಿಸುತ್ತಿದ್ದೆ. ಯಾರೋ ತೋಳು ಜಗ್ಗಿದರು. "ಅಣ್ಣಾ, ಏಳ, ಊರು ಬಂತು" ಎಂದಳು ಗಂಗೂ. ಅವಳು ಚೀಲ ಹಿಡಿದು ಮುಂದೆ, ನಾನು ಅವಳ ಹಿಂದೆ ಇಳಿದೆ. ಬಾಗಿಲಲ್ಲಿ ಸುವರ್ಣಾ ನಮ್ಮಿಬ್ಬರನ್ನೂ ನೋಡಿ, "ಯಾರು ಯಾರನ್ನ ಕರಕೊಂಡ ಬಂದ್ರಿ?" ಎಂದಳು.

ಮರುದಿನ ಬರಿ ಹಾಲು. ಈ ಸಲ ನಾನು ಕಣ್ಣು ಮುಚ್ಚಲಿಲ್ಲ. "ಅವ್ವನ ಪಾಲು" ಆಯಿತು. "ಅಣ್ಣನ ಪಾಲು" ಎಂದು ಎರೆದಳು. ಬಟ್ಟಲನ್ನು ಮತ್ತೊಮ್ಮೆ ತುಂಬಿ, "ಅಣ್ಣನ ಪಾಲು" ಎಂದು ಇನ್ನೊಮ್ಮೆ ಎರೆದಳು.

"ಎರಡ್ಯಾಕ?" ಎಂದೆ, ಉಬ್ಬಿ.

"ಒಂದು ಕರಿಯಾಕ ಬಂದ ಅಣ್ಣಂದು" ಎಂದಳು ಗಂಗೂ, ನಾಗಪ್ಪನ ಕಡೆಯೇ ಮುಖ ಮಾಡಿ. "ಇನ್ನೊಂದು, ಇನ್ನೂ ಬಸ್ಸಿನ್ಯಾಗ ಕುಂತಾನಲ್ಲ, ಅವಂದು."