ಗೋಡೆಯಾಚೆ ನಗರ, ಈಚೆ ಹಳ್ಳಿ

ಇನ್ನು ಮೇಲೆ ಯಾರನ್ನೂ ನೋಡಿ ಹೊಟ್ಟೆ ಉರಿಸಿಕೊಳ್ಳಬಾರದು ಅಂತ ನಾನು ದಿನಾ ಬೆಳಿಗ್ಗೆ ತೀರ್ಮಾನ ಮಾಡುತ್ತೇನೆ. ಚಹಾ ಲೋಟ ಹಿಡಿದು ಕಿಟಕಿ ಹತ್ತಿರ ಹೋಗುವಷ್ಟರಲ್ಲಿ ಪಕ್ಕದ ಮನೆಯಲ್ಲಿ ಏನಾದರೊಂದು ನಡೆದಿರುತ್ತದೆ. ತಪ್ಪು ನನ್ನದಲ್ಲ, ಕಿಟಕಿಯದು. ಅದರಲ್ಲೂ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದ ಆ ವರ್ಷ, ನನ್ನ ಹೊಟ್ಟೆಯ ಉರಿಯಲ್ಲಿ ಎರಡು ಹೊತ್ತಿನ ಅಡುಗೆ ಮಾಡಬಹುದಿತ್ತು.

ಒಂದೇ ಗೋಡೆ

ಮ್ಯಾನ್‌ಹ್ಯಾಟನ್‌ನಿಂದ ಟ್ರೇನಿನಲ್ಲಿ ಗಂಟೆಗೂ ಹೆಚ್ಚು ದೂರದ ಮಾನ್ಮತ್ ಜಂಕ್ಷನ್‌ನ ಟೌನ್‌ಹೌಸ್ ಒಂದರಲ್ಲಿ ನಾವಿದ್ದೆವು. ನಾವು ಮೈಸೂರಿನವರು, ಗೋಡೆಯಾಚೆ ಹುಬ್ಬಳ್ಳಿಯ ದಂಪತಿ. ನಮ್ಮವರಿಗೂ ಆ ಮನೆಯ ಯಜಮಾನರಿಗೂ ಮ್ಯಾನ್‌ಹ್ಯಾಟನ್‌ನ ಒಂದೇ ಬ್ಯಾಂಕಿನಲ್ಲಿ ಕಂಪ್ಯೂಟರ್ ಕೆಲಸ. ಒಂದೇ ಟ್ರೇನಿನಲ್ಲಿ ಕಮ್ಯೂಟ್, ಒಂದೇ ಭಯ. ಶುಕ್ರವಾರ ಬಂತೆಂದರೆ ಆಫೀಸಿನಲ್ಲಿ ಯಾರಾದರೊಬ್ಬರು ರಟ್ಟಿನ ಡಬ್ಬ ಹೊತ್ತು ಹೊರಗೆ ನಡೆಯುತ್ತಿದ್ದರು. ನಮ್ಮಂಥವರಿಗೆ ಕೆಲಸದ ಜೊತೆ ವೀಸಾನೂ ಹೋಗುತ್ತಿತ್ತು. ಗಂಟುಮೂಟೆ ಕಟ್ಟುವುದೊಂದೇ ಬಾಕಿ.

ಇಬ್ಬರಿಗೂ ಬಾಸ್ ಒಬ್ಬನೇ, ಆಸ್ಟ್ರೇಲಿಯಾದವನು. ಜನರ ಜೋಲು ಮುಖ ನೋಡಲಾರದೆ ಕೈಯಲ್ಲೂ ಕಾಲಲ್ಲೂ ಆಡುವ ತನ್ನೂರಿನ ಫುಟ್‌ಬಾಲ್ ಪಂದ್ಯ ಇಟ್ಟ. ಒಂದೇ ಒಂದು ಸಲ. 'ಆಲ್‌ಸ್ಟಾರ್ ಮ್ಯಾಚ್' ಅಂತ ಹೆಸರು. ನಗರದವರಿಗೂ ಹಳ್ಳಿಯವರಿಗೂ ಪಂದ್ಯ. ಮ್ಯಾನ್‌ಹ್ಯಾಟನ್, ಜರ್ಸಿ ಸಿಟಿಯವರು ನಗರ, ಅಲ್ಲಿಂದಾಚೆ ಇರುವವರೆಲ್ಲ ಹಳ್ಳಿ. ತಂಡದಲ್ಲಿದ್ದವರ ಕೆಲಸಕ್ಕೆ ಅವನು ಕೈ ಹಾಕುವುದಿಲ್ಲ ಅಂತ ಗುಸುಗುಸು ಬೇರೆ.

ಪಟ್ಟಿ ಬಂತು. ಪಕ್ಕದ ಮನೆಯವರು ನಗರದ ಸ್ಟಾರ್. ನಮ್ಮವರು ಹಳ್ಳಿ. ಅದರಲ್ಲೂ ಮಂಡಿ ನೋವು ಅಂತ ಆಟಕ್ಕಿಲ್ಲ, ಕಂಬದ ಹಿಂದೆ ನಿಂತು ಗೋಲ್ ಹೌದೋ ಅಲ್ಲವೋ ಹೇಳುವ ಬರೀ ಗೋಲ್ ಅಂಪೈರ್.

"ಅವರು ಹೇಗ್ರೀ ನಗರದವರಾದ್ರು? ನಮ್ಮ ಗೋಡೆಗೆ ಅಂಟ್ಕೊಂಡೇ ಇದ್ದಾರಲ್ಲ!" ಅಂದೆ.

"ಮೊದಲು ಜರ್ಸಿ ಸಿಟಿಯಲ್ಲಿದ್ರಲ್ಲ. ಆಫೀಸಿನಲ್ಲಿ ಅಡ್ರೆಸ್ ಬದಲಾಯಿಸೋಕೆ ಸೋಮಾರಿತನ."

"ನಾವೂ ಅಲ್ಲೇ ಇದ್ದಿದ್ದಲ್ವಾ?"

"ಹೌದು. ಆದ್ರೆ ನಾನು ಇಲ್ಲಿಗೆ ಬಂದ ಮಾರನೇ ದಿನವೇ ಬದಲಾಯಿಸ್ದೆ," ಅಂದರು ಹೆಮ್ಮೆಯಿಂದ.

ಶಿಸ್ತಿನ ಗಂಡ ಸಿಗಲಿ ಅಂತ ಮದುವೆಗೆ ಮುಂಚೆ ಬೇಡಿಕೊಂಡಿದ್ದವಳು ನಾನೇ. ಯಾರನ್ನು ಬಯ್ಯಲಿ?

ತೋಳಿಲ್ಲದ ಅಂಗಿ

ಒಂದು ವಾರಕ್ಕೆ ಪಕ್ಕದ ಮನೆಯಾಕೆ ಬಾಗಿಲು ತಟ್ಟಿದಳು. ಕೈಯಲ್ಲಿ ನೀಲಿ ಬಣ್ಣದ, ತೋಳಿಲ್ಲದ ಅಂಗಿ.

"ನೋಡ್ರಿ ಅಕ್ಕಾರ, ನಮ್ಮ ಮನಿಯವ್ರಿಗೆ ಕೊಟ್ಟಾರ. ಬೆನ್ನಿಗೆ ನಂಬರ್ ಬ್ಯಾರೆ ಐತಿ."

"ತೋಳು ಹೊಲಿಯೋದು ಮರೆತಿದ್ದಾರೆ ಪಾಪ," ಅಂದೆ. ಅವಳಿಗೆ ಅದು ತಾಗಲೇ ಇಲ್ಲ.

ಮಾರನೇ ದಿನದಿಂದ ಆ ಅಂಗಿ ಅವರ ಬಾಲ್ಕನಿಯ ಕಂಬಿಯ ಮೇಲೆ, ನಂಬರ್ ನನ್ನ ಕಿಟಕಿಗೆ ಕಾಣುವ ಹಾಗೆ ಒಣಗತೊಡಗಿತು. ಪಂದ್ಯ ಇನ್ನೂ ಆಗಿಲ್ಲ, ಒಂದು ಹನಿ ಬೆವರು ಬಿದ್ದಿಲ್ಲ, ವಾರದಲ್ಲಿ ಮೂರು ಸಲ ಒಗೆತ! ನಮ್ಮ ಕಾಂಪ್ಲೆಕ್ಸ್‌ನಲ್ಲಿ ಹೊರಗೆ ಏನನ್ನೂ ಒಣಹಾಕಬಾರದು ಅಂತ ನಿಯಮವಿದೆ. ನಾನು ಕಾಂಪ್ಲೆಕ್ಸ್‌ನ ಆಫೀಸಿಗೆ ಫೋನ್ ಮಾಡಿ, ಹೆಸರು ಹೇಳದೆ, ದನಿ ದಪ್ಪ ಮಾಡಿಕೊಂಡು ದೂರು ಕೊಟ್ಟೆ.

ಎರಡು ದಿನಕ್ಕೆ ನೋಟಿಸ್ ಬಂತು. ನಮ್ಮ ಮನೆಗೆ. ಕಾಂಪ್ಲೆಕ್ಸ್‌ನವರು ನೋಡಲು ಬರುವ ಹೊತ್ತಿಗೆ ಅಂಗಿ ಒಣಗಿ ಒಳಗೆ ಹೋಗಿತ್ತು. ನಮ್ಮ ಬಾಲ್ಕನಿಯಲ್ಲಿದ್ದ ನನ್ನ ಅಕ್ಕಿ ಸಂಡಿಗೆ ಮಾತ್ರ ಇನ್ನೂ ಹಸಿಯಿತ್ತಂತೆ.

ಅಡುಗೆಮನೆಯ ಟವೆಲ್

ಗೋಲ್ ಅಂಪೈರ್ ಬಿಳಿ ಕೋಟು ಹಾಕಿಕೊಂಡು, ಗೋಲ್ ಆದಾಗ ಎರಡು ಕೈಯಲ್ಲೂ ಬಾವುಟ ಬೀಸಬೇಕು. ನಮ್ಮವರು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವರಲ್ಲ. ನನ್ನ ಅಡುಗೆಮನೆಯ ಎರಡು ಟವೆಲ್ ತೆಗೆದುಕೊಂಡು ಹಾಲ್‌ನ ನಡುವೆ ನಿಂತು, ಮುಖ ಬಿಗಿದು ಬೀಸಿದ್ದೇ ಬೀಸಿದ್ದು. ಆಚೆ ಮನೆಯವರು ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರೆ ಈಚೆ ಇದು. ನನಗೆ ಅಳು ಬರುವುದೊಂದು ಬಾಕಿ.

ಏಳು ವರ್ಷದ ಮಗಳು ಸೋಫಾ ಮೇಲಿಂದ ಅರ್ಧ ಗಂಟೆ ನೋಡಿ ಕೇಳಿದಳು: "ಅಮ್ಮೀ, ವೆನ್ ಈಸ್ ದ ಪ್ಲೇನ್ ಕಮಿಂಗ್?"

ಕಬಾಬ್

ಪಂದ್ಯ ನಮ್ಮವರು ಭಾನುವಾರ ಅಂಪೈರ್ ಆಗಿ ನಿಲ್ಲುವ ಪಾರ್ಕಿನ ಕ್ರಿಕೆಟ್ ಮೈದಾನದಲ್ಲಿ. ನಸುಕಿಗೇ ಎದ್ದು ಎರಡು ದೊಡ್ಡ ಟ್ರೇ ತುಂಬ ಶಾಮಿ ಕಬಾಬ್ ಕರಿದು ಒಯ್ದಿದ್ದೆ. ಗಂಡ ಆಡದಿದ್ದರೇನು, ಕಬಾಬಿಗಾದರೂ ಹೆಸರು ಬರಲಿ ಅಂತ. ಹೋಗಿ ನೋಡಿದರೆ ಪಕ್ಕದ ಮನೆಯಾಕೆ ಕಿತ್ತಳೆ ಹಣ್ಣನ್ನು ನಾಲ್ಕು ನಾಲ್ಕು ಹೋಳು ಮಾಡಿ ಜೋಡಿಸುತ್ತಿದ್ದಾಳೆ.

"ಅವ್ರ ದೇಶದಾಗ ಆಟದ ನಡುವ ಇದನ್ನ ತಿಂತಾರಂತ್ರಿ. ಬಾಸ್‌ನ ಹೆಂಡ್ತಿನ್ನ ಕೇಳಿದ್ನಿ."

ಕೇಳಿದ್ದಾಳೆ! ನನಗೊಂದು ಮಾತು ಹೇಳಲಿಲ್ಲ! ಅರ್ಧ ಆಟ ಮುಗಿದದ್ದೇ ತಡ, ಅವಳ ಹಣ್ಣು ಯಾರೂ ಮುಟ್ಟಬಾರದು ಅಂತ ನಾನು ನಗರದ ತಂಡದೊಳಗೇ ನುಗ್ಗಿ ಕೈಗೆ ಕೈಗೆ ಕಬಾಬ್ ಹಂಚಿದೆ. ಬೇಡ ಅಂದವರಿಗೂ ಒತ್ತಾಯ ಮಾಡಿದೆ. ಒಬ್ಬೊಬ್ಬನೂ ನಾಲ್ಕು, ಐದು ತಿಂದ. ಬಾಸ್ ಏಳು. ಕಿತ್ತಳೆ ಹಾಗೇ ಉಳಿಯಿತು.

ಮತ್ತೆ ಆಟ ಶುರುವಾದಾಗ ನಗರದವರ ಕಾಲೇ ಏಳಲೊಲ್ಲದು. ಒಬ್ಬ ಹೊಟ್ಟೆ ಹಿಡಿದು ನಿಂತ, ಇನ್ನೊಬ್ಬ ಹುಲ್ಲಿನ ಮೇಲೆ ಮಲಗಿದ. ಅಲ್ಲಿಯವರೆಗೆ ಹಿಂದಿದ್ದ ಹಳ್ಳಿಯವರು ಮುಂದೆ ಹೋದರು. ಅವರ ಕ್ಯಾಪ್ಟನ್ ಓಡುತ್ತಾ ನನ್ನ ಹತ್ತಿರ ಬಂದು ಕೇಳಿದ: "ಇನ್ನೂ ಇದೆಯಾ? ಅವರಿಗೇ ಕೊಡಿ."

ಒಂದು ಬೆರಳು

ಆ ಆಟದಲ್ಲಿ ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬಗಳ ಮಧ್ಯೆ ಚೆಂಡು ಹೋದರೆ ಗೋಲ್, ಆರು ಪಾಯಿಂಟ್, ಬಾವುಟ ಬೀಸುವ ಮುಂಚೆ ಅಂಪೈರ್ ಎರಡು ಬೆರಳು ತೋರಿಸಬೇಕು. ಪಕ್ಕದ ಸಂದಿಯಲ್ಲಿ ಹೋದರೆ ಒಂದೇ ಪಾಯಿಂಟ್, ಒಂದೇ ಬೆರಳು.

ಕೊನೆಯ ನಿಮಿಷ. ನಗರ ಮೂರು ಪಾಯಿಂಟ್ ಹಿಂದೆ. ಚೆಂಡು ಸಿಕ್ಕಿದ್ದು ಪಕ್ಕದ ಮನೆಯವರಿಗೆ. ಒದ್ದರು ನೋಡಿ, ನಾನು ಕೂತಲ್ಲಿಂದ ನೆಟ್ಟಗೆ ನಡುವೆಯೇ ಹೋದ ಹಾಗೆ ಕಂಡಿತು. ಆಕೆ ಚೀರಿ ನನ್ನ ಕುತ್ತಿಗೆಗೆ ಜೋತುಬಿದ್ದಳು. ಆಕೆಯ ಗಂಡನ ಕೆಲಸ ಉಳಿಯಿತು, ನಮ್ಮದು ಹೋಯಿತು ಅಂದುಕೊಂಡೆ. ನಗರದ ತಂಡದವರೆಲ್ಲ ಎರಡೂ ಕೈಯೆತ್ತಿ ನಮ್ಮವರ ಕಡೆ ತಿರುಗಿ ಕೂಗಿದರು. ನಮ್ಮವರು ಬಿಳಿ ಕೋಟಿನಲ್ಲಿ ಒಂದು ಕ್ಷಣ ಅಲ್ಲಾಡದೆ ನಿಂತರು. ಆಮೇಲೆ ನಿಧಾನಕ್ಕೆ ಒಂದು ಬೆರಳೆತ್ತಿದರು.

ನಗರ ಎರಡು ಪಾಯಿಂಟಿಗೆ ಸೋತಿತು.

ಆಕೆ ನನ್ನ ಕುತ್ತಿಗೆ ಬಿಟ್ಟಳು. "ನಿಮ್ಮವ್ರು ಹೊಟ್ಟಿಕಿಚ್ಚಿಗೆ ಹಂಗ ಮಾಡ್ಯಾರ!" ಅಂದಳು. ಆ ಮನುಷ್ಯನ ಮೈಯಲ್ಲಿ ಹುಡುಕಿದರೂ ಹೊಟ್ಟೆಕಿಚ್ಚು ಸಿಗುವುದಿಲ್ಲ. ಇದ್ದದ್ದೆಲ್ಲ ನನ್ನ ಹತ್ತಿರವೇ ಇತ್ತು.

ಬಾಸ್ ಹತ್ತಿರ ಬಂದು, "ಮೇಟ್, ಆರ್ ಯೂ ಶೂರ್?" ಅಂದ. ನಮ್ಮವರು, "ಅಂಪೈರ್ ಡಿಸಿಷನ್ ಈಸ್ ಫೈನಲ್," ಅಂದರು.

ಶುಕ್ರವಾರ ಬಾಸ್ ಕರೆದನಂತೆ. ಇವರು ರಟ್ಟಿನ ಡಬ್ಬ ಹಿಡಿದುಕೊಂಡೇ ಒಳಗೆ ಹೋದರಂತೆ. ಸಂಜೆ ಬರಿಗೈಯಲ್ಲಿ ಬಂದದ್ದು ನೋಡಿ, ಡಬ್ಬ ತುಂಬಿಕೊಳ್ಳಲೂ ಬಿಡದೆ ಕಳಿಸಿದರೇನೋ ಅಂತ ಬಾಗಿಲಿಗೇ ಓಡಿದೆ.

"ಏನಾಯ್ತ್ರೀ?"

"ರಿಸ್ಕ್ ವಿಭಾಗಕ್ಕೆ ಹಾಕಿದ. ಅಪಾಯದ ಸಾಲಕ್ಕೆಲ್ಲ ಬೇಡ ಅನ್ನೋದೇ ಅಲ್ಲಿ ಕೆಲಸ. 'ಕೂಗಿದವರಿಗೆಲ್ಲ ಗೋಲ್ ಕೊಟ್ಟು ಕೊಟ್ಟೇ ಈ ಬ್ಯಾಂಕು ಈ ಗತಿಗೆ ಬಂತು. ಬಾಸ್ ಕೂಗಿದ್ರೂ ಇಲ್ಲ ಅನ್ನೋ ಒಬ್ಬ ಬೇಕಾಗಿತ್ತು' ಅಂದ."

ಪಕ್ಕದ ಮನೆಯವರ ಕೆಲಸವೂ ಉಳಿದಿತ್ತು. ಆದರೂ ಗೋಡೆಯಾಚೆಯಿಂದ ಆಕೆಯ ದನಿ ಕೇಳಿತು: "ಒದಿಯೂದು ಸಾಕು, ನೀವೂ ಒಂದಿಷ್ಟು ಅಂಪೈರಿಂಗ್ ಕಲೀರಿ!" ಹೊಟ್ಟೆಕಿಚ್ಚು ಆ ಕಡೆಯಿಂದ ಈ ಕಡೆಗೆ ಬಂದದ್ದು ಅದೇ ಮೊದಲು. ಮನಸ್ಸಿಗೆ ಎಷ್ಟು ತಂಪಾಯಿತೆಂದರೆ, ಕೂತು ಇನ್ನೊಂದು ಲೋಟ ಚಹಾ ಕುಡಿದೆ.

ಆಮೇಲೆ ಕೇಳಿದೆ, "ನಿಜ ಹೇಳಿ, ಚೆಂಡು ಪಕ್ಕದಲ್ಲಿ ಹೋಯ್ತಾ?"

ಅವರು ಗೋಡೆಯ ಕಡೆ ನೋಡಿ ದನಿ ತಗ್ಗಿಸಿದರು.

"ನಡುವೆಯೇ ಹೋಯ್ತು ಕಣೇ. ಅಷ್ಟು ಜನ ಕೈಯೆತ್ತಿ 'ಹೋ' ಅಂತ ನನ್ನ ಕಡೆಗೇ ತಿರುಗಿ ಕೂಗಿದ್ರಲ್ಲ? ಇಷ್ಟು ವರ್ಷ ಕ್ರಿಕೆಟ್ ಅಂಪೈರಿಂಗ್ ಮಾಡಿದ ಕೈ ನೋಡು, ಔಟ್ ಕೊಟ್ಬಿಟ್ಟೆ."