ಬೀಗರ ಜೊತೆ ಬಿಸಿನೀರಿಗೆ ಇಳಿದದ್ದು

ಹೆಂಡತಿಯ ಜೊತೆ ಜಗಳವಾಡಬಹುದು, ಮ್ಯಾನೇಜರ್ ಜೊತೆ ವಾದ ಮಾಡಬಹುದು, ಧೈರ್ಯವಿದ್ದರೆ ಟೆಕ್ಸಾಸಿನ ಹೈವೇ ಪೊಲೀಸಿನವನಿಗೂ ಒಂದೆರಡು ಮಾತು ಎದುರು ಹೇಳಿ ನೋಡಬಹುದು. ಬೀಗರ ಮುಂದೆ ಮಾತ್ರ ನನ್ನ ಬಾಯಿಂದ ‘ನಿಮ್ಮಿಷ್ಟ’ ಎಂಬುದನ್ನು ಬಿಟ್ಟು ಬೇರೇನೂ ಹೊರಡುವುದಿಲ್ಲ. ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಬೀಗಿತ್ತಿ ಕೇಳಿದರೆ “ನೀವು ಹಾಕಿದಷ್ಟು” ಎನ್ನುತ್ತೇನೆ. ಅವರು ಧಾರಾಳ ಮನಸ್ಸಿನವರು. ಸಕ್ಕರೆ ಕಾಯಿಲೆಯ ನಾನು ಆ ಪಾಯಸವನ್ನು ನಗುನಗುತ್ತಾ ಕುಡಿದು, ಕಾರು ಹತ್ತಿದ ಮೇಲೆ ಮಾತ್ರೆ ಹುಡುಕುತ್ತೇನೆ. ಹೆಣ್ಣು ಕೊಡುವವರು ಹೀಗೇ ಇರಬೇಕೆಂದು ಮೈಸೂರಿನಲ್ಲಿ ನಮ್ಮ ತಂದೆ ಇದ್ದದ್ದನ್ನು ನೋಡಿ ಬೆಳೆದವನು ನಾನು. ಡಲ್ಲಾಸಿನ ಪಕ್ಕದ ಲೂಯಿಸ್‌ವಿಲ್‌ಗೆ ಬಂದು ಮನೆ ಕಟ್ಟಿ, ಹುಲ್ಲು ಕತ್ತರಿಸುವುದನ್ನು ಕಲಿತು, ಅಡುಗೆಯನ್ನೂ ಕಲಿತರೂ ಈ ಚಾಳಿ ಮಾತ್ರ ಹೋಗಲಿಲ್ಲ.

ನಮ್ಮ ಬೀಗರಾಗುವವರು ಹ್ಯೂಸ್ಟನ್ನಿನ ಕ್ಲಿಯರ್ ಲೇಕ್‌ನಲ್ಲಿರುವ ದೇಸಾಯಿಯವರು. ಮೂಲ ಧಾರವಾಡ, ವೃತ್ತಿ ಎಂಜಿನಿಯರಿಕೆ. ಈಗ ರಿಟೈರ್ ಆಗಿದ್ದಾರೆ, ಆದರೂ ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿದ್ದನ್ನು ಯಾರೂ ಕಂಡಿಲ್ಲ. ಅವರ ಮಗ ನಿಖಿಲ್, ನನ್ನ ಮಗಳು ಅನಘಾ ಇಬ್ಬರಿಗೂ ಆಸ್ಟಿನ್ನಿನಲ್ಲಿ ಕೆಲಸ. ಪ್ರೀತಿ ಮಾಡುವುದು, ಒಪ್ಪಿಸುವುದು, ಉಂಗುರ ಕೊಳ್ಳುವುದು ಎಲ್ಲವನ್ನೂ ಅವರೇ ಮುಗಿಸಿ, ನಮಗೆ ಉಳಿಸಿದ್ದು ಒಂದೇ ಕೆಲಸ: ಮದುವೆ ಎಲ್ಲಿ ಎಂದು ತೀರ್ಮಾನಿಸುವುದು. ಅದಕ್ಕಾಗಿ ಅವರು ಹ್ಯೂಸ್ಟನ್ನಿನಿಂದ, ನಾವು ಡಲ್ಲಾಸಿನ ಕಡೆಯಿಂದ ಹೊರಟು ಆಸ್ಟಿನ್ನಿನ ಒಂದು ಹೋಟೆಲಿನಲ್ಲಿ ಸೇರಿದೆವು.

ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಮದುವೆ ಲೂಯಿಸ್‌ವಿಲ್‌ನಲ್ಲೇ ಆಗಬೇಕು. ಅನಘಾ ಸೈಕಲ್ ಕಲಿತದ್ದು ನಮ್ಮ ಡ್ರೈವ್‌ವೇಯಲ್ಲಿ, ಬಿದ್ದು ಹಲ್ಲು ಮುರಿದುಕೊಂಡದ್ದೂ ಅಲ್ಲೇ. ಆ ಡ್ರೈವ್‌ವೇಗೆ ರಂಗೋಲಿ ಹಾಕಿಸಿ, ಗ್ಯಾರೇಜ್ ಬಾಗಿಲಿಗೆ ಮಾವಿನ ತೋರಣ ಕಟ್ಟಿಸಿ, ನನ್ನ ಮನೆಯ ಹೊಸಿಲಿನಿಂದ ಅವಳನ್ನು ಕಳಿಸಿಕೊಡಬೇಕು. ಆದರೆ ದೇಸಾಯಿಯವರು ನೀರಿನ ಲೋಟ ಕೆಳಗಿಟ್ಟು “ಹೇಳ್ರೀ ಸರ್” ಎಂದದ್ದೇ ತಡ, ನನ್ನ ನಾಲಿಗೆ ತನ್ನ ಪಾಡಿಗೆ ತಾನು ಹೊರಟಿತು.

“ನಮ್ಮದೇನೂ ಇಲ್ಲ ಸರ್. ನಿಮಗೆ ಹ್ಯೂಸ್ಟನ್ ಅನುಕೂಲ ಅಂದ್ರೆ ಅಲ್ಲೇ ಮಾಡೋಣ. ನಿಮ್ಮಿಷ್ಟ.”

ಅವರು ಕೆಳಗಿಟ್ಟ ಲೋಟವನ್ನು ಮತ್ತೆ ಎತ್ತಿಕೊಂಡು, “ನಿಮಗ ಹಂಗ ಛಂದ ಅನಸಿದ್ರ ನಮ್ಮದೇನ್ರಿ ಅಡ್ಡಿ? ಹ್ಯೂಸ್ಟನ್ನೇ ಆಗ್ಲಿ” ಎಂದರು.

ಹೀಗೆ ಮದುವೆ ಹ್ಯೂಸ್ಟನ್ನಿಗೆ ಹೋಯಿತು. ನನ್ನ ಹೆಂಡತಿ ವಸುಧಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ತಡವಾಗಿ ತುಳಿದಳು. ಆಮೇಲೆ ಮೌನ ತುಂಬಲು ಏನಾದರೂ ಮಾತಾಡಬೇಕಲ್ಲ, ಗೋಡೆಯ ಟೀವಿಯಲ್ಲಿ ಜಪಾನಿನ ಹಿಮೋತ್ಸವ ತೋರಿಸುತ್ತಿದ್ದರು, “ಎಷ್ಟು ಚೆನ್ನಾಗಿದೆ ಅಲ್ವಾ ಸರ್, ಒಂದ್ಸಲ ನೋಡ್ಬೇಕು” ಎಂದುಬಿಟ್ಟೆ. “ಭಾಳ ಛಂದ ಅದ ರೀ, ನೋಡಬೇಕ ನೋಡ್ರಿ” ಎಂದು ಅವರೂ ತಲೆಯಾಡಿಸಿದರು. ಜೊತೆಗೆ ಕೂತಿದ್ದ ಮಕ್ಕಳು ಇದನ್ನು ಕೇಳಿಸಿಕೊಂಡಿದ್ದರು. ವಾರ ಕಳೆಯುವುದರೊಳಗೆ ಅನಘಾ ಫೋನ್ ಮಾಡಿದಳು. “ಅಪ್ಪಾ, ಇಟ್ಸ್ ಬುಕ್ಡ್. ನಾಲ್ಕೂ ಜನಕ್ಕೆ. ಸ್ನೋ ಫೆಸ್ಟಿವಲ್, ಹಾಟ್ ಸ್ಪ್ರಿಂಗ್ಸ್, ಎಲ್ಲಾ ಗೈಡೆಡ್. ಯು ಗೈಸ್ ಕ್ಯಾನ್ ಬಾಂಡ್.”

ನನಗೂ ಚಳಿಗೂ ಇರುವ ಸಂಬಂಧವನ್ನು ಇಲ್ಲಿ ಹೇಳಿಬಿಡಬೇಕು. ಡಲ್ಲಾಸಿನಲ್ಲಿ ಬೆರಳಿನಷ್ಟು ಐಸ್ ಬೀಳುತ್ತದೆಂದು ಸುದ್ದಿ ಬಂದರೆ ಸಾಕು, ಅಂಗಡಿಗಳಲ್ಲಿ ಬ್ರೆಡ್ಡು ಖಾಲಿಯಾಗುತ್ತದೆ, ಶಾಲೆಗೆ ರಜೆ ಕೊಡುತ್ತಾರೆ, ಪೈಪು ಒಡೆಯದಿರಲೆಂದು ಊರಿನ ನಲ್ಲಿಗಳನ್ನೆಲ್ಲ ತೊಟ್ಟಿಕ್ಕಲು ಬಿಡುತ್ತಾರೆ. ಈ ಊರಿನವರಿಗೇ ನಾನು ಅತಿಯಾಗಿ ಕಾಣುತ್ತೇನೆ. ಅಕ್ಟೋಬರಿನಲ್ಲಿ ಮಂಕಿ ಕ್ಯಾಪ್ ಹಾಕಿದರೆ ಮಾರ್ಚಿನಲ್ಲಿ ತೆಗೆಯುತ್ತೇನೆ. ಇಂಥವನು ದುಡ್ಡು ಕೊಟ್ಟು ಹಿಮ ನೋಡಲು ಹೋಗುವುದೆಂದರೇನು? ಬೇಡವೆನ್ನೋಣವೆಂದರೆ ದೇಸಾಯಿಯವರಿಗೆ ಆಸೆ. ಅವರ ಆಸೆಗೆ ಕಲ್ಲು ಹಾಕಲು ನಾನು ಯಾರು? “ಇನ್ನೂ ಮದುವೆನೇ ಆಗಿಲ್ಲ, ಆಗ್ಲೇ ಬೀಗರ ಜೊತೆ ಸಾಯಕ್ಕೆ ಹೊರಟ್ರಾ” ಎಂದಳು ವಸುಧಾ, ಥರ್ಮಲ್ ಬನಿಯನ್ನು ಮಡಿಚುತ್ತಾ. ಹ್ಯೂಸ್ಟನ್ನಿನ ಮದುವೆ ಮಂಟಪವನ್ನು ನಾವು ವಾಪಸಾದ ವಾರವೇ ಗೊತ್ತು ಮಾಡಬೇಕಿತ್ತು. ಆ ಮಾತನ್ನು ಅವಳು ಒಂದೊಂದು ಬನಿಯನ್ನಿಗೂ ಒಂದೊಂದು ಸಲ ನೆನಪಿಸಿದಳು.

ಜಪಾನಿನ ಉತ್ತರದ ಆ ಊರಿನಲ್ಲಿ ಹಿಮದಲ್ಲಿ ಏನೇನು ಮಾಡಿದ್ದರೆನ್ನುತ್ತೀರಿ. ಅರಮನೆ, ಆನೆ, ರೈಲು, ಒಂದಂತೂ ಸಾಕ್ಷಾತ್ ದೇವಸ್ಥಾನದ ಗೋಪುರದಂತಿತ್ತು. ಹಳದಿ ಬಾವುಟ ಹಿಡಿದ ಗೈಡ್ ಹುಡುಗಿ ಮಿಕಾ ಒಂದೊಂದರ ಮುಂದೂ ನಿಲ್ಲಿಸಿ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದಳು. ಬಸ್ಸಿನಲ್ಲಿ ಜೊತೆಗೆ ಬಂದಿದ್ದ ಬೇರೆ ದಂಪತಿಗಳು ಎರಡು ಫೋಟೊ ತೆಗೆದು ಬಸ್ಸಿಗೆ ಓಡಿದರು. ನಮ್ಮ ಹೆಂಗಸರೂ ಕೈ ಕೈ ಹಿಡಿದುಕೊಂಡು ಓಡಿದರು. ಉಳಿದವರು ನಾವಿಬ್ಬರು. ನನ್ನ ಮೂಗಿನ ತುದಿ ಎಲ್ಲಿದೆಯೆಂದು ಕೈಯಿಂದ ಮುಟ್ಟಿ ನೋಡಿಕೊಳ್ಳಬೇಕಾದ ಸ್ಥಿತಿ. ಇವರು ಹೊರಡಲಿ, ಹಿಂದೆಯೇ ಹೊರಡೋಣ ಎಂದು ನಾನು ಕಾದೆ. ಅವರು ಹೊರಡಲೊಲ್ಲರು. “ಚೆನ್ನಾಗಿದೆ ಅಲ್ವಾ ಸರ್?” “ಭಾಳ ಛಂದ ಅದ ರೀ.” ಮತ್ತೆ ಅದೇ ಆನೆಯನ್ನು ಇನ್ನೊಂದು ಬದಿಯಿಂದ ನೋಡಿದೆವು. ಇಷ್ಟು ಆಸಕ್ತಿಯ ಪ್ರವಾಸಿಗರನ್ನು ಕಂಡೇ ಇರಲಿಲ್ಲವೋ ಏನೋ, ಮಿಕಾ ಹಿಗ್ಗಿಹೋಗಿ, ಬೇರೆಯವರಿಗೆ ತೋರಿಸದ ಹಿಂದಿನ ಬೀದಿಯ ಪುಟ್ಟ ಶಿಲ್ಪಗಳನ್ನೂ ನಮಗಿಬ್ಬರಿಗೆ ತೋರಿಸಿದಳು. ನಾನು ಮನಸ್ಸಿನಲ್ಲೇ ಬೀಗರನ್ನು ಶಪಿಸಿದೆ. ಧಾರವಾಡದವರಿಗೆ ಇಷ್ಟು ಹಿಮದ ಹುಚ್ಚು ಎಲ್ಲಿಂದ ಬಂತು ಎಂದು ಅರ್ಥವಾಗಲಿಲ್ಲ.

ಅಲ್ಲಿಂದ ಬೆಟ್ಟದ ಊರಿಗೆ, ಬಿಸಿನೀರಿನ ಬುಗ್ಗೆಗಳಿಗೆ. ಅದೊಂದಕ್ಕಾಗಿ ನಾನು ಜೀವ ಹಿಡಿದುಕೊಂಡಿದ್ದೆ. ಆದರೆ ಬಸ್ಸಿನಲ್ಲೇ ಮಿಕಾ ನಿಯಮಗಳನ್ನು ಹೇಳಿದಳು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಮೊದಲು ಪಕ್ಕದಲ್ಲಿ ಸೋಪು ಹಚ್ಚಿ ಸ್ನಾನ ಮಾಡಬೇಕು, ಆಮೇಲೆ ಕೊಳಕ್ಕೆ ಇಳಿಯಬೇಕು. ಕೈಗೆ ಕೊಡುವ ಪುಟ್ಟ ಟವೆಲ್ ನೀರಿಗೆ ತಾಗಕೂಡದು. ಈಜುವ ಚಡ್ಡಿ ಹಾಕಿಕೊಳ್ಳಬಹುದೇ ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರು. ಮಿಕಾ ಬಹಳ ವಿನಯದಿಂದ ನಡು ಬಗ್ಗಿಸಿ, “ಸಾರಿ. ನಥಿಂಗ್” ಎಂದಳು.

ನಾನು ಕಿಟಕಿಯ ಕಡೆ ನೋಡಿದೆ. ಪಕ್ಕದ ಸೀಟಿನಲ್ಲಿ ದೇಸಾಯಿಯವರು ಆ ಕಡೆಯ ಕಿಟಕಿ ನೋಡುತ್ತಿದ್ದರು.

ಹೆಂಗಸರು ಊರು ಮುಟ್ಟಿದ ಸಂಜೆಯೇ ಕೊಳಕ್ಕೆ ಇಳಿದು, ನಗುತ್ತಾ ಬಂದರು. ಹೋಗುವಾಗ ‘ಬನ್ನಿ ಹೋಗಿ’ ಎನ್ನುತ್ತಿದ್ದವರು ಬರುವಾಗ ‘ಬಾರೆ ಹೋಗೆ’ ಎನ್ನುತ್ತಿದ್ದರು. ನಾನು ತಲೆನೋವೆಂದೆ. ದೇಸಾಯಿಯವರು ಮೊಣಕಾಲೆಂದರು. ಆದರೆ ಹಿಮದಲ್ಲಿ ಮರಗಟ್ಟಿದ ಮೈ ಬಿಸಿನೀರಿಗೆ ಹಪಹಪಿಸುತ್ತಿತ್ತು. ಮರುದಿನ ನಾನೊಂದು ಉಪಾಯ ಹೂಡಿದೆ. ಎಲ್ಲರೂ ಊಟಕ್ಕೆ ಕೂತ ಹೊತ್ತಿಗೆ, ಬೀಗರು ತಪ್ಪದೆ ಊಟದ ಹಾಲಿನಲ್ಲಿರುವ ಹೊತ್ತಿಗೆ, ಹೋಗಿ ಮುಳುಗಿ ಬಂದುಬಿಡುವುದು. ಖಾಲಿ ಕಾರಿಡಾರಿನಲ್ಲಿ ಕಳ್ಳನಂತೆ ನಡೆದು, ಗಂಡಸರ ಕಡೆಯ ನೀಲಿ ಪರದೆ ಸರಿಸಿದೆ. ಒಳಗೆ ದೇಸಾಯಿಯವರು ನಿಂತಿದ್ದರು, ಅಂಗಿಯ ಮೇಲಿನ ಗುಂಡಿ ಬಿಚ್ಚುತ್ತಾ.

ಇಬ್ಬರೂ ಒಂದೇ ಉಪಾಯ ಹೂಡಿದ್ದೆವೆಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಹಿಂದಿರುಗಿದರೆ ಬೀಗರಿಗೆ ಅವಮಾನ, ನಿಂತರೆ ಇಬ್ಬರಿಗೂ ಅವಮಾನ.

“ಬರ್ರಿ ಸರ್, ನೀವು ಮೊದಲು” ಎಂದರು ಅವರು.

“ಛೆ ಛೆ, ನೀವು ಮೊದಲು.”

ಇಂಥ ವಿಷಯದಲ್ಲೂ ಮೊದಲು ಯಾರೆಂಬ ಉಪಚಾರ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ನಾನು ದೇವರನ್ನು ನೆನೆದು ಕನ್ನಡಕ ತೆಗೆದಿಟ್ಟೆ. ಕನ್ನಡಕವಿಲ್ಲದ ನನಗೆ ಬೀಗರೂ ಗೋಡೆಯೂ ಒಂದೇ. ಅವರ ಕಣ್ಣು ಚುರುಕು, ಅದಕ್ಕೆ ನಾನೇನೂ ಮಾಡುವಂತಿರಲಿಲ್ಲ. ಒಳಗೆ ಗೋಡೆಯ ಉದ್ದಕ್ಕೂ ಪುಟ್ಟ ಪುಟ್ಟ ಸ್ಟೂಲು, ಪಕ್ಕದಲ್ಲಿ ಮರದ ಬಕೆಟ್ಟು, ಮೊಗೆಯುವ ತಂಬಿಗೆ. ಇಷ್ಟು ವರ್ಷ ಶವರಿನ ಕೆಳಗೆ ನಿಂತು ನಿಂತು ಸಾಕಾಗಿದ್ದ ನನಗೆ ಕುಕ್ಕರಗಾಲಲ್ಲಿ ಕೂತು ತಲೆಯ ಮೇಲೆ ತಂಬಿಗೆ ಸುರಿದುಕೊಂಡಾಗ ಮೈಸೂರಿನ ಬಚ್ಚಲು ನೆನಪಾಯಿತು. ಪಕ್ಕದಲ್ಲೂ ಅದೇ ಸದ್ದು. “ಇದಪಾ ಸ್ನಾನ ಅಂದ್ರ” ಎಂದು ದೇಸಾಯಿಯವರು ತಮಗೆ ತಾವೇ ಹೇಳಿಕೊಂಡರು. ಅವರ ಬಾಯಿಂದ ಉಪಚಾರವಿಲ್ಲದ ಮಾತೊಂದು ಬಂದದ್ದು ಅದೇ ಮೊದಲು.

ಕೊಳ ಹೊರಗಡೆ, ಬಯಲಿನಲ್ಲಿತ್ತು. ಸುತ್ತ ಹಿಮ, ನಡುವೆ ಹಬೆಯಾಡುವ ನೀರು. ಕುತ್ತಿಗೆಯವರೆಗೆ ಇಳಿದು ಕೂತೆವು. ಟವೆಲ್ ನೀರಿಗೆ ತಾಗಕೂಡದಲ್ಲ, ಮಡಿಸಿ ತಲೆಯ ಮೇಲಿಟ್ಟುಕೊಂಡೆವು. ಮೈಮೇಲೆ ನೂಲಿನ ಎಳೆಯಿಲ್ಲ, ತಲೆಯ ಮೇಲೆ ಮಾತ್ರ ಪೇಟ, ಮದುವೆಯ ಚಪ್ಪರದಲ್ಲಿ ಎದುರುಬದುರು ಕೂತ ಬೀಗರಂತೆ. ಬಿಸಿ ಮೂಳೆಗೆ ಇಳಿಯುತ್ತಿದ್ದಂತೆ ನನ್ನೊಳಗೆ ಏನೋ ಸಡಿಲವಾಯಿತು.

“ಸರ್, ನಿಮಗೆ ಹಿಮ ಅಂದ್ರೆ ತುಂಬಾ ಇಷ್ಟ ಅಲ್ವಾ?”

ಹಬೆಯೊಳಗೆ ಅವರು ನನ್ನ ಕಡೆ ಸರಿದು ಕೂತ ಸದ್ದಾಯಿತು. ಆಮೇಲೆ, “ಖರೇ ಹೇಳ್ಲೇನ್ರಿ? ನನಗ ಥಂಡಿ ಅಂದ್ರ ಆಗಂಗೇ ಇಲ್ಲ. ನಿಮಗ ಆಸೆ ಅದ ಅಂತ ಬಂದೆ. ಆ ಹಾಳಾದ ಆನಿ ಮುಂದ ನಿಂತು ನನ್ನ ಕಿವಿ ಬಿದ್ದೇ ಹೋದ್ವು ಅನ್ಕೊಂಡಿದ್ದೆ.”

“ನಾನೂ ನಿಮಗೋಸ್ಕರನೇ ನಿಂತಿದ್ದೆ ಸರ್.”

ಹಬೆಯೊಳಗಿಂದ ನಗು ಬಂತು. ಮನುಷ್ಯ ಹೊಟ್ಟೆ ಕುಲುಕಿಸಿ ನಗುವವರೆಂದು ನನಗೆ ಗೊತ್ತಿರಲಿಲ್ಲ. ನೀರು ಅಲೆಯೆದ್ದು ನನ್ನ ಗಲ್ಲಕ್ಕೆ ಬಡಿಯಿತು. ಈಗ ಬಿಟ್ಟರೆ ಇನ್ನಿಲ್ಲ ಎಂದುಕೊಂಡು ಕಣ್ಣು ಮುಚ್ಚಿ ಹೇಳಿಯೇಬಿಟ್ಟೆ.

“ಸರ್, ಮದುವೆ ಹ್ಯೂಸ್ಟನ್‌ನಲ್ಲಿ ಬೇಡ. ನನ್ನ ಮಗಳನ್ನ ನನ್ನ ಮನೆಯಿಂದ ಕಳಿಸ್ಬೇಕು ಅಂತ ಆಸೆ. ಅವತ್ತು ಹೇಳಕ್ಕಾಗ್ಲಿಲ್ಲ.” ಕೊನೆಯ ಮಾತಿಗೆ ದನಿ ನಡುಗಿತು. ಚಳಿಯಿಂದ ಎನ್ನುವಂತಿರಲಿಲ್ಲ.

“ಅಯ್ಯ, ಇದನ್ನ ಆಸ್ಟಿನ್ನಿನಾಗ ಹೇಳಬಾರ್ದೇನ್ರಿ?” ಎಂದರು ದೇಸಾಯಿಯವರು. “ಹ್ಯೂಸ್ಟನ್ ಅಂದಕೂಡ್ಲೆ ನನ್ನ ಎದಿ ಧಸಕ್ ಅಂತು. ನಮ್ಮ ಬಳಗ ಪೂರಾ ನಮ್ಮ ಮನ್ಯಾಗ ಬಂದು ಬೀಳ್ತಾರ. ನಾನು ವರನ ಅಪ್ಪ ಆಗಿ ಕೂಡೂದು ಬಿಟ್ಟು ಏರ್‌ಪೋರ್ಟಿಗೆ ಗಾಡಿ ಹೊಡ್ಕೊಂತ ಇರಬೇಕು. ನಿಮ್ಮ ಊರಿಗೆ ಬಂದು, ಸೋಫಾದ ಮ್ಯಾಲ ಕೂತು, ಬೀಗರ ಕಡೆಯಿಂದ ಉಪಚಾರ ಮಾಡಿಸ್ಕೋಬೇಕು ಅಂತ ನನಗೂ ಇರಂಗಿಲ್ಲೇನ್ರಿ?”

ಕೈ ಕುಲುಕಿದೆವು. ನೀರೊಳಗೆ.

ಆಮೇಲೆ ಹೋಟೆಲಿನವರು ಕೊಟ್ಟ ಹತ್ತಿಯ ನಿಲುವಂಗಿ ತೊಟ್ಟು, ಸೊಂಟಕ್ಕೆ ಪಟ್ಟಿ ಬಿಗಿದು, ಕನ್ನಡಕ ಹಾಕಿಕೊಂಡು ಊಟದ ಹಾಲಿಗೆ ಹೋದೆವು. ನಮ್ಮ ಮುಖ ನೋಡಿ ವಸುಧಾ ಕೇಳಿದಳು, “ಮದುವೆ ವಿಷಯ ಮಾತಾಡಿದ್ರಾ? ಏನಾಯ್ತು?”

ದೇಸಾಯಿಯವರು ನಿಲುವಂಗಿಯ ಕತ್ತಿನ ಪಟ್ಟಿ ಸರಿಮಾಡಿಕೊಂಡರು. “ಸಾಹೇಬರು ಹ್ಯಾಂಗ ಹೇಳ್ತಾರ ಹಂಗ್ರಿ.”

“ಛೆ, ನಮ್ಮದೇನೂ ಇಲ್ಲ. ಅವರಿಗೆ ಹ್ಯೂಸ್ಟನ್ ಅನುಕೂಲ ಅಂದ್ರೆ…” ಎಂದು ಯಾರೋ ಹೇಳುತ್ತಿರುವುದು ಕೇಳಿಸಿತು. ನೋಡಿದರೆ ನಾನೇ.

ವಸುಧಾ ಚಾಪ್‌ಸ್ಟಿಕ್ಕು ಕೆಳಗಿಟ್ಟಳು. “ನೀವಿಬ್ರೂ ಎದ್ದು ವಾಪಸ್ ಹೋಗಿ ನೀರಲ್ಲೇ ಕೂತ್ಕೊಳ್ಳಿ. ಅಲ್ಲಿಂದ್ಲೇ ಕೂಗಿ ಹೇಳಿ.”

“ನಾವು ನಿನ್ನೆನೇ ಮಾತಾಡಿ ಮುಗಿಸೇವಿ” ಎಂದರು ಬೀಗಿತ್ತಿ. “ನಿಮ್ಮ ಬಾಯಿಂದ ಯಾವಾಗ ಬರ್ತದ ಅಂತ ಕಾಯ್ಲಿಕತ್ತೇವಿ.”

ನಾವು ಮತ್ತೆ ಸಭ್ಯರಾಗುವುದರೊಳಗೆ ವಸುಧಾ ಮಗಳಿಗೆ ಫೋನ್ ಹಚ್ಚಿದ್ದಳು. “ಅಮ್ಮಾ, ಇಟ್ಸ್ ಫೈವ್ ಇನ್ ದ ಮಾರ್ನಿಂಗ್” ಎಂದು ಆಸ್ಟಿನ್ನಿನಿಂದ ನಿದ್ದೆಗಣ್ಣಿನ ದನಿ ಬಂತು. “ಮದುವೆ ಲೂಯಿಸ್‌ವಿಲ್‌ನಲ್ಲಿ. ಮಲಕ್ಕೋ” ಎಂದು ವಸುಧಾ ಫೋನ್ ಇಟ್ಟಳು.

ಮದುವೆ ನಡೆಯಿತು. ಡ್ರೈವ್‌ವೇ ತುಂಬಾ ರಂಗೋಲಿ, ಗ್ಯಾರೇಜ್ ಬಾಗಿಲಿಗೆ ತೋರಣ. ಅನಘಾ ಹೊಸಿಲು ದಾಟುವಾಗ ನಾನು ಅತ್ತದ್ದನ್ನು ವಿಡಿಯೊದವನು ಎರಡು ಕೋನಗಳಿಂದ ಹಿಡಿದಿದ್ದಾನೆ. ದೇಸಾಯಿಯವರು ಹೇಳಿದಂತೆಯೇ ಸೋಫಾದ ಮೇಲೆ ಕೂತು ಉಪಚಾರ ಮಾಡಿಸಿಕೊಂಡರು. ಮಕ್ಕಳು ಬಂದು “ಜಪಾನ್ ಟ್ರಿಪ್ ಹೆಂಗಿತ್ತು ಅಂತ ಸರಿಯಾಗಿ ಹೇಳ್ಲೇ ಇಲ್ಲ” ಎಂದಾಗ ನಾನು ಬೀಗರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನಾನು ರೇಷ್ಮೆ ಪಂಚೆ, ಶಲ್ಯದಲ್ಲಿದ್ದೆ. ಅವರು ಕೋಟು, ಪೇಟದಲ್ಲಿದ್ದರು. “ತುಂಬಾ ಚೆನ್ನಾಗಿತ್ತು” ಎಂದೆ. “ಭಾಳ ಛಂದ ಇತ್ತು” ಎಂದರು.

ಹೋದ ವಾರ ಅನಘಾ ಫೋನ್ ಮಾಡಿದ್ದಳು. ನಾವು ಅಷ್ಟು ಎಂಜಾಯ್ ಮಾಡಿದ್ದಕ್ಕೆ ಈ ಸಲ ಅಳಿಯ ಮಗಳು ಸೇರಿ ನಮ್ಮ ನಾಲ್ವರನ್ನೂ ಅಲಾಸ್ಕಾಕ್ಕೆ ಕಳಿಸುತ್ತಾರಂತೆ. ಅಲ್ಲಿ ಐಸಿನಲ್ಲಿ ಕೆತ್ತಿದ ಶಿಲ್ಪಗಳಿವೆ, ಚಳಿ ಜಪಾನಿಗಿಂತ ಜೋರು, ಬಿಸಿನೀರಿನ ಬುಗ್ಗೆಯೂ ಇದೆಯಂತೆ. ವಿಚಾರಿಸಿದೆ, ಅಲ್ಲಿ ಚಡ್ಡಿ ಕಡ್ಡಾಯ. ಅಲ್ಲಿಗೆ ನನ್ನ ಕೊನೆಯ ಆಸೆಯೂ ಬತ್ತಿತು. ಸಂಜೆ ದೇಸಾಯಿಯವರೇ ಕರೆ ಮಾಡಿದರು. “ಅಲಾಸ್ಕಾದ್ದು ಕೇಳಿದ್ರೇನ್ರಿ? ನಿಮಗ ಹ್ಯಾಂಗ ಅನಸ್ತದ?” ದನಿಯಲ್ಲಿ ಕಿವಿಯ ನೋವು ಇನ್ನೂ ಇತ್ತು. ಬೇಡ ಸರ್ ಎಂದು ಒಂದು ಮಾತು ಹೇಳಿದ್ದರೆ ಇಬ್ಬರೂ ಬದುಕಿಕೊಳ್ಳುತ್ತಿದ್ದೆವು.

“ನಿಮ್ಮಿಷ್ಟ ಸರ್” ಎಂದೆ. ಏನು ಮಾಡಲಿ, ಮೈಮೇಲೆ ಅಂಗಿ ಇತ್ತು.